ಬಾಡಿಗೆ ಮನೆ ಹಿಡಿಯುವ ಮೊದಲು ಆ ಏರಿಯಾದ ಕಳ್ಳತನದ ಲೆಕ್ಕ ನೋಡುವುದು ಹೇಗೆ? (ಶಿವಮೊಗ್ಗ)

ಮನೆ_ಹುಡುಕಾಟ:
ಅಪ್ಪ-ಅಮ್ಮನಿಗೆ ಶಿವಮೊಗ್ಗದಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇವೆ. ವಿನೋಬನಗರದಲ್ಲೊಂದು, ಗೋಪಾಳದಲ್ಲೊಂದು ಇಷ್ಟವಾಗಿದೆ. ಎರಡೂ ನೆಲಮಹಡಿ, ಒಂದರ ಹಿಂದೆ ಕನ್ಸರ್ವೆನ್ಸಿ (ಮನೆಗಳ ಹಿಂಬದಿಯ ಓಣಿ) ಇದೆ. ಪ್ರತಿ ತಿಂಗಳು ನಾಲ್ಕೈದು ದಿನ ತೋಟಕ್ಕೆ ಹೋಗುವುದರಿಂದ ಮನೆಗೆ ಬೀಗ ಬೀಳುತ್ತದೆ. "ಆ ಏರಿಯಾ ಸರಿಯಿಲ್ಲ" ಅನ್ನುವವರು ಬಹಳ, ಯಾಕೆ ಅಂದರೆ ಉತ್ತರವಿಲ್ಲ. ಬಡಾವಣೆವಾರು ಅಂಕಿಅಂಶ ಸಿಗುತ್ತದಾ? ಕ್ಯಾಮೆರಾ ಹಾಕಿಸಿದರೆ ಸಾಕಾ?

ಲೆಕ್ಕದ_ಪುಸ್ತಕ:
ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ವರದಿ ಜಿಲ್ಲಾ ಮಟ್ಟಕ್ಕೇ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಸಿಗುವುದು ಠಾಣೆಯ ಲೆಕ್ಕ. ಪ್ರತಿ ಠಾಣೆಯ ಎಫ್‌ಐಆರ್ ಸಂಖ್ಯೆ ಜನವರಿಯಲ್ಲಿ 1ರಿಂದ ಶುರುವಾಗುತ್ತದೆ, ಹಾಗಾಗಿ ಡಿಸೆಂಬರ್ ಕೊನೆಯ ಸಂಖ್ಯೆಯೇ ಆ ವರ್ಷದ ಒಟ್ಟು ಲೆಕ್ಕ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ, ಸಂಖ್ಯೆ ಕೊಟ್ಟು ಎಫ್‌ಐಆರ್ ತೆರೆಯಬಹುದು. ಮಧ್ಯೆ ಕೆಲವು ಸಂಖ್ಯೆ ಸಿಗದಿದ್ದರೆ ಗಾಬರಿ ಬೇಡ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಇಂಥವನ್ನು ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಹಾಕುವುದಿಲ್ಲ.

ಆದರೆ ಒಟ್ಟು ಸಂಖ್ಯೆ ನಿಮಗೆ ಪ್ರಯೋಜನವಿಲ್ಲ. ಇಸ್ಪೀಟು, ಗಾಂಜಾ ಕೇಸುಗಳನ್ನು ಪೊಲೀಸರೇ ದಾಖಲಿಸುತ್ತಾರೆ, ಠಾಣೆ ಚುರುಕಾದಷ್ಟೂ ಅವು ಏರುತ್ತವೆ. ನೀವು ನೋಡಬೇಕಾದ್ದು ಭಾರತೀಯ ನ್ಯಾಯ ಸಂಹಿತೆಯ ನಾಲ್ಕು ಕಲಂ: 303 (ಕಳವು), 304 (ಕಸಿದು ಓಡುವುದು, ಸರಗಳ್ಳತನ), 305 (ವಾಸದ ಮನೆಯಲ್ಲಿ ಕಳವು), 331 (ಕನ್ನ). 2024ರ ಜುಲೈ 1ಕ್ಕೆ ಮುಂಚಿನವು ಹಳೆಯ ಕಾನೂನಾದ ಐಪಿಸಿಯ 379, 380, 454, 457 ಅಂತ ಇರುತ್ತವೆ. ಕಸಿಯುವುದಕ್ಕೆ ಆಗ ಪ್ರತ್ಯೇಕ ಕಲಮೇ ಇರಲಿಲ್ಲ, ಆದ್ದರಿಂದ 304ನ್ನು ಹಳೆಯ ವರ್ಷದ ಜೊತೆ ಹೋಲಿಸಬೇಡಿ.

ಒಂದೊಂದೇ ತೆರೆಯಲು ಬೇಜಾರಾದರೆ ಎಸ್‌ಪಿ ಕಚೇರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆಯದೆ "ಈ ಎರಡು ಠಾಣೆಗಳಲ್ಲಿ, ಈ ಕಲಂಗಳಡಿ, ತಿಂಗಳುವಾರು, ಎರಡು ವರ್ಷದ ಸಂಖ್ಯೆ" ಅಂತಷ್ಟೇ ಕೇಳಿ.

ಇನ್ನು ಪ್ರಮಾಣದ ಮಾತು. ಲಕ್ಷ ಜನಕ್ಕೆ ಇಷ್ಟು ಅನ್ನುವ ಲೆಕ್ಕ ಇಡೀ ನಗರಕ್ಕೇ ಕಷ್ಟ. 2011ರ ಜನಗಣತಿಯ 3.22 ಲಕ್ಷವನ್ನೇ ಇಟ್ಟುಕೊಂಡು ಎಷ್ಟು ದಿನ ಭಾಗಿಸುವುದು! ಮನೆಗಳ್ಳತನಕ್ಕೆ ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಅರ್ಥವಿದೆ. ಬಸ್ ನಿಲ್ದಾಣ, ಮಾರುಕಟ್ಟೆ ಇರುವ ಠಾಣೆಗೆ ಹಗಲು ಹೊರಗಿನ ಜನ ತುಂಬುತ್ತಾರೆ. ಅಲ್ಲಿ ಬೈಕ್ ಹೋಯಿತು ಅಂದರೆ ಪಕ್ಕದ ಬೀದಿಯವರಿಗೆ ಅಪಾಯ ಅಂತಲ್ಲ. ವರ್ಷಕ್ಕೆ 3 ಇದ್ದದ್ದು 6 ಆದರೆ "ಡಬಲ್" ಅಂತ ಸುದ್ದಿಯಾಗುತ್ತದೆ, ಅಷ್ಟು ಸಣ್ಣ ಸಂಖ್ಯೆಯಿಂದ ಏನೂ ತೀರ್ಮಾನಿಸಲಾಗದು. ಠಾಣೆ-ಠಾಣೆ ಹೋಲಿಸಲು ಎಲ್ಲಕ್ಕಿಂತ ನಂಬಬಹುದಾದ್ದು ವಾಹನ ಕಳವು, ಯಾಕೆಂದರೆ ಇನ್ಶೂರೆನ್ಸ್‌ಗೆ ಎಫ್‌ಐಆರ್ ಬೇಕೇ ಬೇಕು.

ಗಲಾಟೆ, ನಿಷೇಧಾಜ್ಞೆಯ ಸುದ್ದಿ ನೋಡಿ ಏರಿಯಾಗೆ ಹಣೆಪಟ್ಟಿ ಅಂಟಿಸುತ್ತಾರೆ. ಬೀಗ ಒಡೆಯುವುದಕ್ಕೂ ಅದಕ್ಕೂ ಸಂಬಂಧ ಕಮ್ಮಿ.

ಚಿಲಕ_ರಿಪೇರಿ:
ಸರ್, ಏರಿಯಾ ಬಿಡಿ, ಹಿತ್ತಿಲ ಬಾಗಿಲು ತೋರಿಸಿ ಅನ್ನುತ್ತೇನೆ ನಾನು. ಕನ್ಸರ್ವೆನ್ಸಿ ಅಂದರೆ ರಾತ್ರಿ ಯಾರೂ ಓಡಾಡದ ಓಣಿ, ಮನೆಯ ಅತಿ ದುರ್ಬಲ ಬಾಗಿಲು ಅದಕ್ಕೇ ತೆರೆಯುತ್ತದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಸುರಿಯುವಾಗ ಬಾಗಿಲು ಮೀಟಿದರೂ ಪಕ್ಕದ ಮನೆಗೆ ಕೇಳುವುದಿಲ್ಲ.

ಬೀಗ ಒಡೆಯುವ ತೊಂದರೆ ಕಳ್ಳರು ತೆಗೆದುಕೊಳ್ಳುವುದು ಕಮ್ಮಿ. ಚಿಲಕವನ್ನು ಹಿಡಿದಿರುವ ಮುಕ್ಕಾಲು ಇಂಚಿನ ಸ್ಕ್ರೂಗಳನ್ನು ರಾಡು ಹಾಕಿ ಕೀಳುತ್ತಾರೆ. ಎಷ್ಟು ದುಬಾರಿ ಬೀಗವಾದರೂ ಚಿಲಕದ ಸಮೇತ ಕೈಗೆ ಬರುತ್ತದೆ. ಸ್ಕ್ರೂ ತೆಗೆದು 6 ಮಿಮೀ ಬೋಲ್ಟ್ ಬಾಗಿಲಿನ ಆಚೆಗೆ ತೂರಿಸಿ, ಒಳಗಡೆ ವಾಷರ್ ಇಟ್ಟು ನಟ್ ಬಿಗಿಸಿ. ಹಿಂಬಾಗಿಲಿಗೆ ಹೊರಗೆ ಬೀಗವೇ ಬೇಡ, ಒಳಗಿನಿಂದ ಚೌಕಟ್ಟಿನ ಎರಡೂ ಕಡೆ ಕೂರುವಂತೆ ಕಬ್ಬಿಣದ ಅಡ್ಡಪಟ್ಟಿ ಹಾಕಿ ಮುಂದಿನಿಂದ ಹೊರಡಿ. ಮುಂಬಾಗಿಲಿಗೆ ಬಾಗಿಲೊಳಗೇ ಕೂರುವ ಲಾಕ್ ಇರಲಿ. ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲ ಅಂತ ರಸ್ತೆಗೇ ಹೇಳುತ್ತದೆ. ಓನರ್ ಒಪ್ಪಿಗೆ ತಗೊಂಡು ಲಾಕಿನ ಸಿಲಿಂಡರ್ (ಕೀ ತಿರುಗುವ ಭಾಗ) ಬದಲಿಸಿ, ಹಳೆ ಬಾಡಿಗೆದಾರರ ಹತ್ತಿರ ಎಷ್ಟು ಕೀ ಇವೆಯೋ ಯಾರಿಗೆ ಗೊತ್ತು.

ಕ್ಯಾಮೆರಾ ಆಮೇಲಿನ ಮಾತು. ಅಪರಿಚಿತರ ಮುಖ ಗುರುತಿಸಬೇಕಾದರೆ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. 2 ಎಂಪಿ (ಮೆಗಾಪಿಕ್ಸೆಲ್) ಕ್ಯಾಮೆರಾದ ಅಗಲ 1920 ಪಿಕ್ಸೆಲ್, ಅಂದರೆ ಏಳೂವರೆ ಮೀಟರ್ ಅಗಲದ ದೃಶ್ಯ ಮೀರಿದರೆ ಮುಖ ಮಸುಕು. ಸಾಮಾನ್ಯವಾಗಿ ಹಾಕುವ 3.6 ಮಿಮೀ ಲೆನ್ಸಿನಲ್ಲಿ ಅದು ನಾಲ್ಕೈದು ಮೀಟರ್ ದೂರದಲ್ಲೇ ಮುಗಿಯುತ್ತದೆ. ಗೇಟಿಗೆ 6 ಮಿಮೀ ಕೇಳಿ. ಎತ್ತರ ಎರಡೂವರೆ ಮೀಟರ್ ಸುತ್ತಮುತ್ತ. ತಾರಸಿಯಿಂದ ತೆಗೆದರೆ ಹೆಲ್ಮೆಟ್ಟಷ್ಟೇ ಕಾಣುತ್ತದೆ.

ನಮ್ಮ ಮಳೆಗೆ ಡೋಮ್ (ಗುಮ್ಮಟದಾಕಾರದ ಕ್ಯಾಮೆರಾ) ಬೇಡ, ಗಾಜಿಗೆ ಹನಿ ಕೂತರೆ ರಾತ್ರಿ ಐಆರ್ (ಇನ್ಫ್ರಾರೆಡ್) ಬೆಳಕು ಅದರಲ್ಲೇ ಪ್ರತಿಫಲಿಸಿ ಚಿತ್ರ ಬೆಳ್ಳಗಾಗುತ್ತದೆ. ಸೂರಿನ ಕೆಳಗೆ ಬುಲೆಟ್ (ಉದ್ದನೆಯ ಕೊಳವೆಯಂಥ ಕ್ಯಾಮೆರಾ) ಸಾಕು. ಜಾಯಿಂಟು ಪಿವಿಸಿ ಡಬ್ಬಿಯಲ್ಲಿರಲಿ, ಕೇಬಲ್ ಕೆಳಗಿನಿಂದ ಬಾಗಿ ಒಳಗೆ ಹೋಗಲಿ. ಐಆರ್‌ಗೆ ಹುಳ, ಹುಳಕ್ಕೆ ಜೇಡ ಬರುತ್ತದೆ, ಬಲೆ ಒರೆಸುತ್ತಿರಬೇಕು. ನಾಲ್ಕು ಕ್ಯಾಮೆರಾ ತಲಾ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 43 ಜಿಬಿ, 1 ಟಿಬಿ ಡಿಸ್ಕ್ ಮೂರು ವಾರ ಬರುತ್ತದೆ. 2 ಎಂಬಿಪಿಎಸ್ ಇಟ್ಟರೆ ಅದರ ಅರ್ಧ. ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಕಂಪ್ಯೂಟರ್ ಯುಪಿಎಸ್ಸಿನ 7 ಎಎಚ್ ಬ್ಯಾಟರಿ ಒಂದು ಗಂಟೆ ಎಳೆದರೆ ಹೆಚ್ಚು, ಜುಲೈನಲ್ಲಿ ಕರೆಂಟು ಗಂಟೆಗೆಲ್ಲ ಬರುತ್ತದೆಯೇ?

ಮನೆ_ಹುಡುಕಾಟ:
ಅಡ್ಡಪಟ್ಟಿ ವಿಚಾರ ಹೊಳೆದಿರಲಿಲ್ಲ, ಥ್ಯಾಂಕ್ಸ್. ಸಣ್ಣಪುಟ್ಟ ಕಳ್ಳತನಕ್ಕೆ ಎಫ್‌ಐಆರ್ ಮಾಡುವುದೇ ಇಲ್ಲ ಅನ್ನುತ್ತಾರಲ್ಲ, ಹಾಗಾದರೆ ಲೆಕ್ಕದ ಪುಸ್ತಕದವರ ಲೆಕ್ಕಕ್ಕೆ ಏನು ಬೆಲೆ?

ಕೋರ್ಟ್_ರಸ್ತೆ:
ಅರ್ಧ ನಿಜ ಮಾರಾಯ್ರೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಬರೀ ಕಳವು (303) ಅಸಂಜ್ಞೇಯ (ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ), ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ದೂರಿನ ನೋಂದಣಿ) ಕೊಟ್ಟು ಕಳಿಸಬಹುದು. ಅಂಗಳದ ಸಿಲಿಂಡರ್, ಸೈಕಲ್ ಇಂಥವು ಎಫ್‌ಐಆರ್ ಲೆಕ್ಕದಿಂದ ಜಾರುವುದು ಹೀಗೆ. ಆದರೆ ಚಿಲಕ ಮುರಿದು ಒಳಗೆ ಬಂದಿದ್ದರೆ ಅದು 331, ಹೋದದ್ದು 500 ರೂಪಾಯಿಯೇ ಆದರೂ ಸಂಜ್ಞೇಯ, ಎಫ್‌ಐಆರ್ ಆಗಬೇಕು. ದೂರಿನಲ್ಲಿ ಜನ ಬರೆಯಲು ಮರೆಯುವುದು ಇದನ್ನೇ. "3,000 ರೂ. ಕಳುವಾಗಿದೆ" ಅಂತ ನಿಲ್ಲಿಸಬೇಡಿ. ಯಾವ ಬಾಗಿಲು, ಹೇಗೆ ಮೀಟಿದೆ, ಬೀಗ ಹಾಕಿದ ದಿನ-ಹೊತ್ತು, ನೋಡಿದ ದಿನ-ಹೊತ್ತು, ಚಿನ್ನವಾದರೆ ಗ್ರಾಂ, ಫೋನಾದರೆ ಐಎಂಇಐ ಬರೆಯಿರಿ. 112ಕ್ಕೆ ಫೋನ್ ಮಾಡಿ, ಬೆರಳಚ್ಚಿನವರು ಬರುವ ತನಕ ಬೀರು ಮುಟ್ಟಬೇಡಿ.

ಎಫ್‌ಐಆರ್ ಪ್ರತಿ ಉಚಿತ (ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 173). ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ತೋಟಕ್ಕೆ ಹೊರಡುವ ಮುನ್ನ ನಿಮ್ಮ ಉಪ ಬೀಟ್ (ನಿಮ್ಮ ಬೀದಿಗಳ ಗಸ್ತು) ನೋಡಿಕೊಳ್ಳುವ ಪೊಲೀಸರಿಗೆ ದಿನಾಂಕ ತಿಳಿಸಿ. ಯಾರು ಅಂತ ಠಾಣೆಯಲ್ಲಿ ಕೇಳಿದರೆ ಹೇಳುತ್ತಾರೆ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಅಂತ ಈಗಲೇ ನೋಡಿ ಸರಿಮಾಡಿಕೊಳ್ಳಿ, ಅಕ್ಕಪಕ್ಕದ ಕ್ಯಾಮೆರಾಗಳ ಜೊತೆ ಹೊಂದಿಸುವಾಗ ತನಿಖೆಯವರು ಒದ್ದಾಡುವುದು ಅಲ್ಲಿಯೇ.