2070ರ ಗುರಿ ತಪ್ಪಿದರೆ ಯಾರನ್ನು ಕೇಳಬೇಕು?

ವಿಜಯನಗರದ ಶಿಕ್ಷಕಿ:
ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಭಾರತ 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ (ಗಾಳಿಗೆ ಬಿಡುವಷ್ಟೇ ಹಸಿರುಮನೆ ಅನಿಲವನ್ನು ಹೀರಿ ತೆಗೆಯುವ ಸ್ಥಿತಿ) ತಲುಪುತ್ತದೆ ಎಂದು 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಘೋಷಿಸಿದ್ದನ್ನು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಆಗ ನನಗೆ ಅರವತ್ತು ವರ್ಷ ಮಿಸ್. ತಲುಪದಿದ್ದರೆ ಯಾರನ್ನು ಕೇಳಲಿ?" ಎಂದಳು. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆಯಲ್ಲ, ಅದರಿಂದ ಏನು ಬದಲಾಗಿದೆ? ಸೋಮವಾರ ಅವಳಿಗೆ ಉತ್ತರ ಕೊಡಬೇಕು.

ಮಲ್ಲೇಶ್ವರದ ನಿವೃತ್ತ ಲೆಕ್ಕಪರಿಶೋಧಕ:
ಮೇಡಂ, ಆ ಹುಡುಗಿ ಕೇಳಿದ್ದು ಲೆಕ್ಕಪರಿಶೋಧಕ ಕೇಳುವ ಪ್ರಶ್ನೆಯನ್ನೇ. ಮೂವತ್ತೊಂದು ವರ್ಷ ಕಡತ ತಿರುವಿದವನು ನಾನು. ಕೊನೆಯ ದಿನಾಂಕ ಮಾತ್ರ ಇದ್ದು ನಡುವೆ ಕಂತುಗಳಿಲ್ಲದ ಕಾಮಗಾರಿ ಮುಗಿದದ್ದನ್ನು ನಾನಂತೂ ಕಾಣಲಿಲ್ಲ. ಬ್ರಿಟನ್ನಿನ 2008ರ ಕಾಯ್ದೆ ಮೊದಲು 1990ರ ಮಟ್ಟಕ್ಕಿಂತ ಶೇ 80ರಷ್ಟು ಕಡಿತವನ್ನು 2050ಕ್ಕೆ ಗೊತ್ತುಮಾಡಿತ್ತು. 2019ರಲ್ಲಿ ಅದನ್ನು ನಿವ್ವಳ ಶೂನ್ಯಕ್ಕೆ ಏರಿಸಿದರು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಐದೈದು ವರ್ಷದ ಇಂಗಾಲದ ಬಜೆಟ್, ಅಂದರೆ ಆ ಅವಧಿಯಲ್ಲಿ ದೇಶ ಒಟ್ಟು ಇಷ್ಟೇ ಹೊಗೆ ಬಿಡಬಹುದು ಎಂಬ ಮಿತಿ. ಅವಧಿ ಶುರುವಾಗುವ ಸುಮಾರು ಹನ್ನೆರಡು ವರ್ಷ ಮೊದಲೇ ಅದನ್ನು ನಿಗದಿ ಮಾಡಬೇಕು. ಸ್ವತಂತ್ರ ಸಮಿತಿಯೊಂದು ಪ್ರತಿವರ್ಷ ಸಂಸತ್ತಿಗೆ ಪ್ರಗತಿ ವರದಿ ಕೊಡುತ್ತದೆ, ಸರ್ಕಾರ ಉತ್ತರಿಸಲೇಬೇಕು. ನಮ್ಮ ಭಾಷೆಯಲ್ಲಿ ಆಕ್ಷೇಪಣೆ ಮತ್ತು ಅನುಪಾಲನಾ ವರದಿ. ಗುರಿ ತಪ್ಪಿದರೆ ಯಾರೂ ಜೈಲಿಗೆ ಹೋಗುವುದಿಲ್ಲ, ನಿಜ. ಆದರೆ 2022ರಲ್ಲಿ ಅಲ್ಲಿನ ಹೈಕೋರ್ಟ್ ಸರ್ಕಾರದ ಯೋಜನೆಯಲ್ಲಿ ಸಾಕಷ್ಟು ವಿವರವಿಲ್ಲವೆಂದು ತಿದ್ದಿ ತರಲು ಹೇಳಿತು. ಕಾಯ್ದೆ ಇಲ್ಲದಿದ್ದರೆ ಆ ಮೊಕದ್ದಮೆಗೆ ಆಧಾರವೇ ಇರುತ್ತಿರಲಿಲ್ಲ.

ಜಯನಗರದ ವಕೀಲೆ:
ಅವಳಿಗೆ ಜರ್ಮನಿಯನ್ನೂ ಹೇಳಿ. 2021ರಲ್ಲಿ ಯುವಜನರ ದೂರಿನ ಮೇಲೆ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಹೊಗೆ ಕಡಿತದ ಭಾರವನ್ನೆಲ್ಲ 2030ರ ನಂತರಕ್ಕೆ ತಳ್ಳಿ ಮುಂದಿನ ಪೀಳಿಗೆಯ ಮೇಲೆ ಹೊರಿಸುವಂತಿಲ್ಲ ಎಂದಿತು. ಆಮೇಲೆ ನಿವ್ವಳ ಶೂನ್ಯದ ಗುರಿಯ ವರ್ಷವನ್ನು ಇನ್ನೂ ಮುಂಚಿನ 2045ಕ್ಕೆ ತಂದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ, ಹೆಬ್ಬಕ (ಎರ್ಲಡ್ಡು) ಹಕ್ಕಿಯ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರುವ ಹಕ್ಕನ್ನು 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿದೆ. ಇದಕ್ಕೆಂದೇ ಸಮಗ್ರ ಕಾನೂನು ನಮ್ಮಲ್ಲಿಲ್ಲ ಎಂಬುದನ್ನೂ ಅದೇ ತೀರ್ಪು ಹೇಳಿದೆ.

ಪೀಣ್ಯದಿಂದ:
ಒಂದು ಮಾತು ಬಿಟ್ಟುಹೋಯಿತು. ಬ್ರಿಟನ್ನಿನ ಬಜೆಟ್ ಲೆಕ್ಕ ಹಿಡಿಯುವುದು ತನ್ನ ನೆಲದ ಹೊಗೆಯನ್ನು. ನಾನು ದುಡಿಯುವ ಗಾರ್ಮೆಂಟ್ಸ್‌ನಿಂದ ಅಲ್ಲಿಗೆ ಹೋಗುವ ಅಂಗಿಯ ಹೊಗೆ ನಮ್ಮ ಖಾತೆಗೆ ಬೀಳುತ್ತದೆ. ಕಾನೂನು ಬೇಕು, ಆದರೆ ಅವರದ್ದನ್ನೇ ನಕಲು ಮಾಡುವುದು ಬೇಡ.

ವಿಜಯನಗರದ ಶಿಕ್ಷಕಿ:
ಅಂಗಿಯ ಉದಾಹರಣೆಯಿಂದಲೇ ಪಾಠ ಶುರುಮಾಡುತ್ತೇನೆ. ಆಮೇಲೆ ಹಲಗೆಯ ಮೇಲೆ 2070ರವರೆಗೆ ಐದೈದು ವರ್ಷಕ್ಕೊಂದು ಮನೆ ಬರೆದು, ಮೊದಲ ಮನೆಯನ್ನು ಅವಳಿಂದ ತುಂಬಿಸುತ್ತೇನೆ.