ಅವ್ವನ ಮೆಸೇಜು ಮಗನಿಗೆ ಓದಲು ಬರುವುದಿಲ್ಲ, ಏನು ಮಾಡಲಿ?

ಡೊಂಬಿವ್ಲಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವಳು. ಮದುವೆಯಾಗಿ ಡೊಂಬಿವ್ಲಿಗೆ ಬಂದು 27 ವರ್ಷವಾಯಿತು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಬಂದ ಹೊಸದರಲ್ಲಿ ಅವ್ವ ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದಳು. "ಇತ್ತ ಕಡೆ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಪತ್ರ ಬರೆಯುತ್ತಿರುವುದು" ಅಂತ ಶುರು. ಅವ್ವ ಕಲಿತಿದ್ದು ನಾಲ್ಕನೇ ಇಯತ್ತೆ. ಪತ್ರ ಅಂದರೆ ಹೀಗೇ ಇರಬೇಕು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಅದನ್ನೇ ಬರೆಯುತ್ತಿದ್ದಳು. ಎಷ್ಟು ಸಲ ಓದಿದರೂ ಅವಳ ದನಿ ಕೇಳುತ್ತಿರಲಿಲ್ಲ.

ಈಗ ಅವಳಿಗೆ 76. ನನ್ನ ತಮ್ಮ ಫೋನ್ ಕೊಡಿಸಿ, ಬೆರಳಿನಿಂದ ಬರೆಯುವ ಕೀಬೋರ್ಡ್ ಹಾಕಿಕೊಟ್ಟಿದ್ದಾನೆ. ಪಾಟಿಯ ಮೇಲೆ ಬರೆದ ಹಾಗೆ ನಿಧಾನಕ್ಕೆ ತೀಡುತ್ತಾಳೆ. ಮೊದಲು ಅಕ್ಷರದ ಹೊಟ್ಟೆ, ಆಮೇಲೆ ತಲೆಕಟ್ಟು. ಫೋನು ತಪ್ಪು ತಿಳಿದುಕೊಂಡರೆ ಅಳಿಸಿ ಮತ್ತೆ ತೀಡುತ್ತಾಳೆ. ಮೊನ್ನೆ ಬಂದಿದ್ದು: "ಎಮ್ಮಿ ಈದೈತಿ. ಗಿಣ್ಣ ಮಾಡೀನಿ. ನೀ ಇರಬೇಕಿತ್ತವಾ." ಠಾಣೆ ದಾಟುವಾಗ ಲೋಕಲ್‌ನಲ್ಲಿ ನಿಂತೇ ಓದಿದೆ. ಪಕ್ಕದಲ್ಲೇ ನಿಂತು ಹೇಳಿದ ಹಾಗಾಯಿತು. ಫೋನಿನಿಂದ ಬರವಣಿಗೆ ಕೆಟ್ಟಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮವ್ವ ತನ್ನ ಮಾತನ್ನು ತಾನೇ ಬರೆದಿದ್ದು 70 ದಾಟಿದ ಮೇಲೆ, ಫೋನಿನಲ್ಲಿ.

ತೊಂದರೆ ಇರುವುದು ಇನ್ನೊಂದು ಕಡೆ. ನನ್ನ ಮಗನಿಗೆ 23. ಇಂಗ್ಲಿಷ್ ಮೀಡಿಯಂ, ಶಾಲೆಯಲ್ಲಿ ಮರಾಠಿ ಇತ್ತು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಾನೆ. ಅದು ಅವ್ವನಿಗೆ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಅವಳದನ್ನು ಇವನಿಗೆ, ಇವನದನ್ನು ಅವಳಿಗೆ ನಾನು ಬರೆದು ಕಳಿಸಬೇಕು.

ಹೋದ ವರ್ಷ ಒಂದು ಘಟನೆ ಆಯಿತು. ನನ್ನ ತಮ್ಮ ಮನೆಯ ಗ್ರೂಪಿನಲ್ಲಿ ಅವಸರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ "ಮಳಿಗೆ ಎಲ್ಲಾ ಬೆಳಿ ಹೋತು" ಅಂತ ಹಾಕಿದ. ಬಿ, ಇ, ಎಲ್, ಐ. ಅದನ್ನು ಬೆಳಿ ಅಂತಲೂ ಓದಬಹುದು, ಬೇಲಿ ಅಂತಲೂ ಓದಬಹುದು. ಮಗ ಬೇಲಿ ಅಂದುಕೊಂಡು "ಇರಲಿ ಮಾಮಾ, ಹೊಸದು ಹಾಕಿಸಿದರಾಯಿತು" ಅಂತ ಹೆಬ್ಬೆರಳು ಎತ್ತಿದ. ಹೋಗಿದ್ದು ಎರಡು ಎಕರೆ ಉಳ್ಳಾಗಡ್ಡಿ. ತಮ್ಮ ಒಂದು ತಿಂಗಳು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಕೇಳಿದರೆ "ಏನಿಲ್ಲ ಬಿಡಕ್ಕಾ" ಅಂದ.

ನನ್ನ ಪ್ರಶ್ನೆ ಎರಡು. ಕೆಲಸಕ್ಕೆ ಹೋಗುವ ಹುಡುಗನಿಗೆ ಓದಲು ಬೇಗ ಕಲಿಸುವುದು ಹೇಗೆ? ಅವ್ವನ ಮೆಸೇಜುಗಳನ್ನು ಹಾಳಾಗದ ಹಾಗೆ ಉಳಿಸುವುದು ಹೇಗೆ?

ಮಾಟುಂಗಾ ಡಿಟಿಪಿ:

ಅಕ್ಕಾ, ನಾನು ಮುಂಬೈಯಲ್ಲಿ 30 ವರ್ಷ ಕನ್ನಡ ಕಂಪೋಸಿಂಗ್ ಮಾಡಿದವನು. ನಿಮ್ಮ ತಮ್ಮನ ವಿಷಯ ಓದಿ ಕರುಳು ಚುರುಕ್ ಅಂದಿತು ಮಾರಾಯ್ರೇ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆಯಲ್ಲಿ ಲ, ಳ ಎರಡೂ ಎಲ್ ಕೀಲಿಯಲ್ಲೇ ಇವೆ. ಸುಮ್ನೆ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನ, ಣ ಕೂಡ ಹಾಗೇ. ಅವರು ಇದೇ ಮುಂಬೈಯಲ್ಲಿ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಇಂಗ್ಲಿಷಿನ ಕೀಲಿಗಳ ಮೇಲೆಯೇ ಇಡೀ ವರ್ಣಮಾಲೆ ಕೂರಿಸಿದರು. ನಾವು ಮೆಸೇಜಿನಲ್ಲಿ ಒತ್ತುವುದು ಅದೇ ಎಲ್, ಆದರೆ ಶಿಫ್ಟ್ ಬಿಟ್ಟುಬಿಟ್ಟೆವು. ಳ ಹೋಗಿದ್ದು ಅಲ್ಲಿ.

ಉಳಿಸುವುದು ಸುಲಭ. ವಾಟ್ಸಾಪ್ ಚಾಟಿನ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆ, ಮೆಸೇಜುಗಳು ಒಂದು ಫೈಲಿನಲ್ಲಿ ಬರುತ್ತವೆ. ಅದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಖ್ಯೆ ಇರುವ ಪದ್ಧತಿ, ಆದ್ದರಿಂದ ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದು. ನಮ್ಮ ಕಾಲದಲ್ಲಿ ಒಂದೊಂದು ಫಾಂಟಿಗೂ ಒಂದೊಂದು ಲೆಕ್ಕ. ಆಗ ಕೂಡಿಸಿದ ಸ್ಮರಣ ಸಂಚಿಕೆಗಳು ನನ್ನ ಸಿಡಿಯಲ್ಲಿವೆ. ಆ ಫಾಂಟ್ ಈಗ ಸಿಗುವುದಿಲ್ಲ, ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಇನ್ನೊಂದು ಮಾತು. ಅವ್ವ ಸೊನ್ನೆ ತೀಡಿದಾಗ ಫೋನು ಅನುಸ್ವಾರದ ಬದಲು ಅಂಕಿಯ ಸೊನ್ನೆ ಹಾಕಿರಬಹುದು. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಮುಂದೆ ನೀವು "ಅಂಗಳ" ಅಂತ ಹುಡುಕಿದರೆ ಸಿಗುವುದೇ ಇಲ್ಲ. ಒಂದು ಸಲ ಕೂತು ತಿದ್ದಿಬಿಡಿ. ಅವ್ವನ ಮಾತನ್ನು ಮಾತ್ರ ತಿದ್ದಬೇಡಿ. "ಈದೈತಿ" ಹಾಗೇ ಇರಲಿ.

ಮೀರಾ ರೋಡ್ ಹುಡುಗಿ:

ಆಂಟಿ, ಮಗನಿಗೆ ಬೈಯಬೇಡಿ. ನಮ್ಮ ಮನೆಯಲ್ಲಿ ತುಳು. ನಾನು, ಅಣ್ಣ, ಊರಿನ ಕಸಿನ್ಸ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ತುಳು ಬರೆಯುತ್ತೇವೆ. ಅದೂ ಇಲ್ಲದಿದ್ದರೆ ನಾವು ಪೂರ್ತಿ ಇಂಗ್ಲಿಷಿಗೇ ಹೋಗಿಬಿಡುತ್ತಿದ್ದೆವು. ತುಳುವಿನ ಹಳೆಯ ಲಿಪಿ ತುಳು-ತಿಗಳಾರಿ ಯೂನಿಕೋಡ್‌ಗೆ ಸೇರಿದ್ದೇ 2024ರಲ್ಲಿ.

ಕೋಥ್ರೂಡ್ ಕನ್ನಡಿಗ:

ಅಕ್ಕ, ನಿಮ್ಮ ಮಗನಿಗೆ ಮರಾಠಿ ಓದಲು ಬರುತ್ತದೆ ಅಲ್ವಾ? ಹಾಗಿದ್ದರೆ ಮುಕ್ಕಾಲು ಕೆಲಸ ಮುಗಿದಿದೆ. ಅವನಿಗೆ ಳ, ಣ ಹೊಸದಲ್ಲ. ಪುಣೆಗೆ ಬರುವಾಗ ಲೋಣಾವಳಾ ಸ್ಟೇಷನ್ನಿನ ಬೋರ್ಡು ನೋಡಲು ಹೇಳಿ. ಇಂಗ್ಲಿಷಿನಲ್ಲಿ ಎರಡೂ ಕಾಣುವುದಿಲ್ಲ, ಮರಾಠಿಯಲ್ಲಿ ಎರಡೂ ಇವೆ. ಕ ಖ ಗ ಘ ಅದೇ ಕ್ರಮ, ಕಾಗುಣಿತವೂ ಹೆಚ್ಚು ಕಡಿಮೆ ಅದೇ. ಯೂನಿಕೋಡ್‌ನಲ್ಲಿ ಕೂಡ ಎರಡು ಲಿಪಿಗಳ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಆ ಜೋಡಣೆಗೆ ಮೂಲ ಇಸ್ಕಿ, ಕಂಪ್ಯೂಟರಿನಲ್ಲಿ ಭಾರತದ ಲಿಪಿಗಳಿಗೆ ಮಾಡಿದ ನಮ್ಮ ದೇಶದ ಮಾನಕ.

ನನ್ನ ಮಗಳಿಗೆ ನಾನು ಕಲಿಸಿದ್ದು ಹೀಗೆ. ಅಜ್ಜಿಯ ಮೆಸೇಜು ಕಾಗದದ ಮೇಲೆ ದೊಡ್ಡದಾಗಿ ಬರೆದೆ. ಪ್ರತಿ ಅಕ್ಷರದ ಕೆಳಗೆ ಮರಾಠಿ ಅಕ್ಷರ. ದಿನಕ್ಕೆ ಒಂದೇ ಮೆಸೇಜು. ಪುಸ್ತಕದ "ಅ ಅರಸ" ಬೇಡ. ಅಜ್ಜಿ ಏನು ಬರೆದಿದ್ದಾಳೆ ಅನ್ನೋ ಆಸೆಗೆ ಅವಳೇ ಓದಿದಳು. ಒತ್ತಕ್ಷರ ಕೊನೆಗೆ ಇಟ್ಟುಕೊಳ್ಳಿ. ಮರಾಠಿಯಲ್ಲಿ ಅರ್ಧ ಅಕ್ಷರ ಮೊದಲು ಬರುತ್ತದೆ, ನಮ್ಮಲ್ಲಿ ಒತ್ತು ಕೆಳಗೆ ಕೂರುತ್ತದೆ. ಅದಕ್ಕೆ ಸ್ವಲ್ಪ ದಿನ ಬೇಕು.

ಡೊಂಬಿವ್ಲಿ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೈಲ್ ಇಳಿಸಿಕೊಂಡೆ. ಅಣ್ಣಾವರು ಹೇಳಿದ್ದು ನಿಜ, ಅಂಕಿಯ ಸೊನ್ನೆಗಳು ಬಹಳ ಇವೆ. ದಿನಾ ಒಂದಿಷ್ಟು ತಿದ್ದುತ್ತಿದ್ದೇನೆ.

ಭಾನುವಾರ ಮಗನನ್ನು ಕೂರಿಸಿಕೊಂಡು ಎಮ್ಮಿಯ ಮೆಸೇಜು ಮರಾಠಿ ಅಕ್ಷರ ಇಟ್ಟು ಬರೆದೆ. "ನೀ ಇರಬೇಕಿತ್ತವಾ" ವರೆಗೂ ಬೆರಳಿಟ್ಟು ಓದಿದ. ಆಮೇಲೆ ಕೇಳಿದ, "ಮರಾಠಿಯಲ್ಲಿ ಒಂದೇ ಎ, ಅಜ್ಜಿಗೆ ಯಾಕೆ ಎರಡು?" ನಾನು ಬೆಳಿ ಮತ್ತು ಬೇಲಿ ಅಕ್ಕಪಕ್ಕ ಬರೆದು ತೋರಿಸಿದೆ. ಎರಡನ್ನೂ ಒಂದೆರಡು ಸಲ ಓದಿದ. ಎದ್ದು ಗ್ಯಾಲರಿಗೆ ಹೋಗಿ ಮಾಮಾಗೆ ಫೋನ್ ಹಚ್ಚಿದ.