ಮಾರಿದ ಮನೆಯ ಕಂಬವನ್ನು ಕೇಳಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ತೊಟ್ಟಿಮನೆಯನ್ನು 2016ರಲ್ಲಿ ಮಾರಿದೆವು. ಎಳ್ಳಮಾವಾಸ್ಯೆ ಜಾತ್ರೆಗೆ ಬಂದವನು ಆ ದಾರಿಯಲ್ಲಿ ಹೋದಾಗ ಹಂಚಿನ ಮಾಡು ಇದ್ದಲ್ಲಿ ತಗಡಿನ ಶೀಟು ಕಂಡಿತು. ಅಜ್ಜಿ ಅಡಿಕೆ ಸುಲಿಯುವಾಗ ಒರಗುತ್ತಿದ್ದ, ಅವಳ ತಲೆಯ ಎಣ್ಣೆಯಿಂದಲೇ ಕಪ್ಪಾಗಿ ಹೊಳೆಯುತ್ತಿದ್ದ ಹಲಸಿನ ಕಂಬ ಅಂಗಳದ ಮೂಲೆಯಲ್ಲಿ ಇಬ್ಬನಿಗೆ ನೆನೆಯುತ್ತ ಬಿದ್ದಿತ್ತು. ಅದನ್ನು ಕೇಳುವುದು ಸರಿಯೇ?

ಉತ್ತರ: ಖಂಡಿತ ಕೇಳಿ. ನಮ್ಮ ಮನೆ ಕೊಂಡವರು ಹಳೆಯ ಬಾಗಿಲನ್ನು ತಾವಾಗಿಯೇ ಕೊಟ್ಟರು. ತಡಮಾಡಬೇಡಿ, ಗೆದ್ದಲು ಕಾಯುವುದಿಲ್ಲ.

ಉತ್ತರ: ಹೊಸಬರನ್ನು ದೂರಲಾರೆ, ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಆಳುಗಳು ಈಗ ಸಿಗುವುದು ಕಷ್ಟ. ಆದರೆ ಕಂಬವನ್ನು ಬಿಡಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ನಮ್ಮಜ್ಜನ ಮನೆ ಮುಳುಗಿತು. ನಮಗೆ ಕೇಳಲು ಕಂಬವೂ ಉಳಿಯಲಿಲ್ಲ.

ಪ್ರಶ್ನೆ ಕೇಳಿದವರು: ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.